ರಿಜಿಸ್ಟರ್ ಆದ ಡೇಟಾ

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಟ್ಟಡಗಳು ಏಳುತ್ತಿದ್ದ ಕಾಲ. ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ವೇಗದ ನೆಟ್‌ವರ್ಕ್ ನಮ್ಮ ಪ್ರಯೋಗಾಲಯಕ್ಕೂ ಬಂತು. ಅಲ್ಲಿಯವರೆಗೆ ಭತ್ತದ ತಳಿಗಳ ಡೇಟಾವನ್ನು ಸಿ.ಡಿ.ಗೆ ತುಂಬಿ, ನಾನೇ ಅಬಿಡ್ಸ್ ಅಂಚೆ ಕಚೇರಿಯಿಂದ ಪುಣೆಯ ಸಂಸ್ಥೆಯೊಂದಕ್ಕೆ ರಿಜಿಸ್ಟರ್ ಮಾಡುತ್ತಿದ್ದೆ. ಈಗ ಅಷ್ಟೂ ಹತ್ತೇ ನಿಮಿಷದಲ್ಲಿ ಹೋಯಿತು.

ಎರಡು ವಾರವಾದರೂ ಪುಣೆಯಿಂದ ಉತ್ತರವಿಲ್ಲ. ನಾನು ನೆಟ್‌ವರ್ಕನ್ನೇ ಬೈಯುತ್ತಾ ಕೂತೆ. ಧಾರವಾಡದ ಕಡೆಯವರಾದ ನಮ್ಮ ಹಿರಿಯ ವಿಜ್ಞಾನಿ ನಕ್ಕರು.

“ಸಹಿ ಮಾಡಿ ತಗೊಳ್ಳೂತನಾ ಅವರಿಗೆ ಏನೂ ಮುಟ್ಟಿದಂಗ ಆಗೂದಿಲ್ರಿ. ಒಂದು ಸಿ.ಡಿ. ರಿಜಿಸ್ಟರ್ ಮಾಡ್ರಿ.”

ನನಗೆ ಸಿಟ್ಟು ಬಂತು. ಬೇಕೆಂದೇ ಖಾಲಿ ಸಿ.ಡಿ. ಕಳಿಸಿದೆ.

ಐದನೆಯ ದಿನ ಅದೇ ವೇಗದ ನೆಟ್‌ವರ್ಕಿನಲ್ಲಿ ಉತ್ತರ ಬಂತು: “ನಿಮ್ಮ ಸಿ.ಡಿ. ತಲುಪಿದೆ. ಅದರಲ್ಲಿರುವ ಡೇಟಾ ಪರಿಶೀಲನೆಯಲ್ಲಿದೆ.”