ಹೊನ್ನಾವರದ ಮೇಲೆ ಮುರಿದ ಮಹಾ ಅಲೆ

೧೯೮೫ರ ಜನವರಿಯ ಒಂದು ಸಂಜೆ, ಐದೂವರೆ ಗಂಟೆ. ಹೊನ್ನಾವರದ ನಮ್ಮ ಹವಾಮಾನ ಕೇಂದ್ರದ ತಾರಸಿಯಲ್ಲಿ ಹಾಜರಿದ್ದವರು: ಮೇಲ್ವಿಚಾರಕನಾದ ನಾನು, ಹಳದೀಪುರದಿಂದ ಬಸ್ಸಿನಲ್ಲಿ ಬರುವ ನನ್ನ ಸಹಾಯಕ, ದೊಡ್ಡ ಕಚೇರಿಯಿಂದ ದಯಮಾಡಿಸಿದ್ದ ತಜ್ಞರು.

ತಜ್ಞರು ಚಳಿಗಾಲದ ಮಹಾ ಅಲೆಗಳ ಬೆನ್ನು ಹತ್ತಿದ್ದರು. ಗಾಳಿ ದೊಡ್ಡ ಪರ್ವತಗಳಿಗೆ ಬಡಿದಾಗ ಇಡೀ ಭೂಮಿಯನ್ನು ಸುತ್ತುವಂಥ ಅಲೆಗಳು ಎದ್ದು ಮೇಲಿನ ವಾತಾವರಣಕ್ಕೆ ಏರುತ್ತವೆ. ಅಲ್ಲಿ ಮುರಿದರೆ ಪಡುವಣ ಗಾಳಿಯೇ ದಿಕ್ಕು ಬದಲಿಸುತ್ತದೆ. ಇದೆಲ್ಲ ನಡೆಯುವುದು ಉತ್ತರ ಧ್ರುವದ ಕಡೆ. ಅದರ ಬಾಲ ಹೊನ್ನಾವರದ ಮೇಲೂ ಆಡುತ್ತದೆಂಬುದು ಇವರ ವಾದ. ಹಲವು ಚಳಿಗಾಲ ಹುಡುಕಿದರೂ ಬಾಲ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ಕೆಲಸ ನಿಲ್ಲಿಸುವುದಾಗಿ ಮೇಲಿನವರು ಹೇಳಿದ್ದರಂತೆ.

ನಮ್ಮ ಕೆಲಸ ಸರಳ. ಬಲೂನು ಬಿಟ್ಟು, ದುರ್ಬೀನಿನಲ್ಲಿ ಅದನ್ನೇ ಹಿಂಬಾಲಿಸಿ, ನಿಮಿಷಕ್ಕೊಮ್ಮೆ ಕೋನ ಬರೆದು, ಗಾಳಿಯನ್ನು ಲೆಕ್ಕ ಹಾಕುವುದು. ಜನವರಿಯಲ್ಲಿ ಬಲೂನು ಮೊದಲು ಸಮುದ್ರದತ್ತ ಹೋಗಿ, ಎತ್ತರಕ್ಕೇರಿದ ಮೇಲೆ ಪಡುವಣ ಗಾಳಿಗೆ ಸಿಕ್ಕಿ ಘಟ್ಟದತ್ತ ಹೊರಳುತ್ತದೆ.

ಅಂದು ತಜ್ಞರು ಸಹಾಯಕನನ್ನು ಸರಿಸಿ ತಾವೇ ದುರ್ಬೀನಿಗೆ ಕಣ್ಣಿಟ್ಟರು. ನಡುವೆ ಒಂದು ಚಿಟಿಕೆ ನಶ್ಯ ಏರಿಸಿದರು. ಸೀನು ಬಂತು. ಮತ್ತೆ ಕಣ್ಣಿಟ್ಟಾಗ, ಅದೃಷ್ಟವಂತರಿಗೆ, ಬಿಳಿ ಚುಕ್ಕಿ ಕೂಡಲೇ ಸಿಕ್ಕಿತು. ಆಮೇಲೆ ಅದು ಹೊರಳಲೇ ಇಲ್ಲ. ಸಮುದ್ರದ ಮೇಲೆ, ನೈಋತ್ಯದಲ್ಲೇ ಇತ್ತು.

"ಗಾಳಿ ತಿರುಗಿದೆ ರೀ! ಅಲೆ ಮುರಿದಿದೆ! ಟೆಲಿಗ್ರಾಂ ಬರೀರಿ, ಸಹಿ ಹಾಕಿ" ಎಂದು ತಜ್ಞರು ಕಾಗದವನ್ನು ನನ್ನತ್ತ ಚಾಚಿದರು.

"ಇಷ್ಟೊತ್ತಾದ್ರೂ ಒಡೀಲಿಲ್ಲ ಅಲ್ಲ ಸಾರ್, ಇದು ಎಂತ ಬಲೂನು?" ಎಂದ ಸಹಾಯಕ.

"ನಿನಗೆ ಇದೆಲ್ಲ ಅರ್ಥ ಆಗೋದಿಲ್ಲ" ಎಂದರು ತಜ್ಞರು.

"ಆತು ಸಾರ್."

ಕಣ್ಣಾರೆ ನೋಡದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಬಗ್ಗಿ ನೋಡಿದೆ. ಬಲೂನು ಅರ್ಧಚಂದ್ರನಂತಿತ್ತು. ಅರ್ಧ ಬಲೂನು ಆಕಾಶದಲ್ಲಿ ನಿಲ್ಲುವುದನ್ನು ನಾನು ಕಂಡದ್ದು ಅದೇ ಮೊದಲು. ತಲೆಯೆತ್ತಿದೆ. ಸೂರ್ಯ ಮುಳುಗಿದ್ದ, ಬರಿಗಣ್ಣಿಗೇ ಅದು ಥಳಥಳಿಸುತ್ತಿತ್ತು.

"ಸಾರ್, ನೀವು ಇಷ್ಟು ಹೊತ್ತು ಅಳೆದದ್ದು ಶುಕ್ರನನ್ನು."

ತಜ್ಞರೂ ತಲೆಯೆತ್ತಿ ನೋಡಿದರು. "ಆದರೂ ಅಲೆ ಇದ್ದಿರಬಹುದಲ್ಲ?"

"ಇದ್ದಿರಬಹುದು ಸಾರ್, ಶುಕ್ರನಲ್ಲಿ."

ಅವರು ಟೆಲಿಗ್ರಾಂ ಕಾಗದವನ್ನು ಮಡಚಿ ಜೇಬಿಗಿಟ್ಟರು. "ನಾಳೆ ಬೆಳಿಗ್ಗೆ ಇನ್ನೊಂದು ಬಲೂನು ಬಿಡೋಣವೇ?" ಎಂದರು. ಧ್ವನಿ ಇಳಿದಿತ್ತು.

"ಅಗತ್ಯವಾಗಿ. ನಶ್ಯದ ಡಬ್ಬಿ ಕೆಳಗೇ ಇರಲಿ."

ಸಹಾಯಕ ನಗು ತಡೆದುಕೊಂಡು ಬಸ್ಸಿಗೆ ಓಡಿದ. ಸೀನಿಗೆ ಮೊದಲು ಬರೆದ ಕೋನಗಳಿಗಷ್ಟೇ ಗಾಳಿ ಲೆಕ್ಕ ಹಾಕಿ ಸಹಿ ಮಾಡಿದೆ. ದುರ್ಬೀನಿಗೆ ಗವಸು ತೊಡಿಸಿ, ತಾರಸಿಯ ಬಾಗಿಲಿಗೆ ಬೀಗ ಹಾಕಿದೆ.