ನಮೂನೆ ಫೈಲಿನ ಒಂದು ಸಾಲು

ಹೋದ ವಾರ ಹೊಸಪೇಟೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡು ಹಿಡಿದು ನಿಂತಿದ್ದೆ. ನನ್ನ ಮುಂದಿದ್ದವನ ಕೈಯಲ್ಲಿ ಒಂದು ಇಂಗ್ಲಿಷ್ ಕಾಗದ. ಇಡೀ ಆಯುಷ್ಯ ಟೈಪ್ ಹೊಡೆದವನ ಕಣ್ಣು ಕೇಳಬೇಕಲ್ಲ, ಕಂಡವರ ಕಾಗದಕ್ಕೆಲ್ಲ ಇಣುಕುತ್ತದೆ. ‘ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು’ ಅಂತ ಶುರುವಾಗಿತ್ತು. ಮುಂದಿನದನ್ನು ಓದುವ ಅಗತ್ಯ ನನಗೆ ಬೀಳಲಿಲ್ಲ. ತಿಳಿಸಲು ವಿಷಾದಿಸುತ್ತೇವೆ ಅಂದಮೇಲೆ ಯಾರದ್ದೋ ಕೆಲಸ ಹೋಗಿರುತ್ತದೆ, ಇಲ್ಲವೇ ಜೀವ ಹೋಗಿರುತ್ತದೆ. ವಿಷಾದ ಮಾತ್ರ ಯಾರಿಗೂ ಆಗಿರುವುದಿಲ್ಲ.

ಆತ ತಿರುಗಿ, ಯಜಮಾನ್ರ, ಏನು ಬರದಾರ ಸ್ವಲ್ಪ ಓದಿ ಹೇಳ್ರಿ ಅಂದ. ಕುರೆಕುಪ್ಪ ಅನ್ನುವ ಊರಿನವನಂತೆ. ಕನ್ನಡಕ ತಂದಿಲ್ಲಪ್ಪ ಅಂದುಬಿಟ್ಟೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಆತ ಅದನ್ನೇ ನೋಡಿದ. ನಾನು ಜೆರಾಕ್ಸೂ ಬೇಡ ಏನೂ ಬೇಡ ಅಂತ ಅಲ್ಲಿಂದ ಕಾಲ್ಕಿತ್ತೆ. ಎಪ್ಪತ್ತು ದಾಟಿದ ಮುದುಕ ಒಂದು ಹಾಳೆಗೆ ಹೆದರಿ ಓಡಿದನಲ್ಲ ಅಂತ ನಿಮಗೆ ನಗು ಬಂದೀತು. ನಗಿ, ಬೇಡ ಅನ್ನುವುದಿಲ್ಲ. ನಕ್ಕಾದ ಮೇಲೆ ಇಷ್ಟು ಕೇಳಿ.

ಮೂವತ್ತು ವರ್ಷದ ಹಿಂದಿನ ಮಾತು. ಇದೇ ಊರಿನಲ್ಲಿ ಒಂದು ಅದಿರು ಕಂಪನಿಯ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಗಣಿ ಸಂಡೂರಿನ ಗುಡ್ಡದಲ್ಲಿ, ಮಾಲೀಕರು ಎಲ್ಲೋ ದೂರದಲ್ಲಿ, ನಡುವೆ ನಾವು ಕಾಗದದವರು. ಓದಿದ್ದು ಕನ್ನಡ ಶಾಲೆ. ಯಾರಾದರೂ ಎದುರಿಗೆ ನಿಂತು ‘ಹೌ ಆರ್ ಯು’ ಅಂದರೆ ಬೆವರು ಇಳಿಯುತ್ತಿತ್ತು. ಆದರೆ ನಾನು ಹೊಡೆದ ಪತ್ರ ನೋಡಿದವರು ಇವನು ಲಂಡನ್ನಿನಲ್ಲಿ ಕಲಿತು ಬಂದವನು ಅನ್ನಬೇಕು. ಅದೆಲ್ಲ ನಮ್ಮ ಹೆಡ್ ಕ್ಲರ್ಕ್ ಗುರುಸಿದ್ದಪ್ಪನವರ ಕೃಪೆ. ಅವರ ಹತ್ತಿರ ಲಾಡಿ ಕಟ್ಟಿದ ದಪ್ಪ ಫೈಲೊಂದಿತ್ತು, ನಾವದನ್ನು ನಮೂನೆ ಫೈಲು ಅನ್ನುತ್ತಿದ್ದೆವು. ಮಾಲು ತಡವಾದರೆ ಒಂದು ನಮೂನೆ, ಕೆಲಸದಿಂದ ತೆಗೆಯಲು ಒಂದು, ಸತ್ತವರ ಮನೆಗೆ ಒಂದು. ಹಳೇ ಪತ್ರ ಮುಂದಿಟ್ಟುಕೊಂಡು ಹೆಸರು, ಊರು, ತಾರೀಖು ಬದಲಿಸಿ ಹೊಡೆದರೆ ಮುಗಿಯಿತು. ಸ್ವಂತ ಬುದ್ಧಿ ಮನಿಯಾಗ ಇಟ್ಟು ಬಾ ಅಂತ ಅವರು ಮೊದಲ ದಿನವೇ ಹೇಳಿದ್ದರು. ನಾನು ಎಷ್ಟು ಜೋಪಾನವಾಗಿ ಇಟ್ಟು ಬಂದೆ ಅಂದರೆ, ಮನೆಗೆ ಹೋದಮೇಲೂ ಅದು ಸಿಗುತ್ತಿರಲಿಲ್ಲ.

ಆ ಭಾಷೆಯ ರುಚಿಯೇ ಬೇರೆ. ಅದರಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ, ನಿಮ್ಮ ಕೋರಿಕೆಗೆ ಸಮ್ಮತಿಸುವ ಸ್ಥಿತಿಯಲ್ಲಿ ನಾವಿಲ್ಲ ಅನ್ನುತ್ತಾರೆ. ತಪ್ಪಾಯಿತು ಅನ್ನುವುದಿಲ್ಲ, ಉಂಟಾದ ಅನನುಕೂಲಕ್ಕೆ ವಿಷಾದವಿದೆ ಅನ್ನುತ್ತಾರೆ. ಕೆಲಸ ಮಾಡಿ ಸಾಯಿರಿ ಅನ್ನಬೇಕಾದಾಗ ‘ಕೈಂಡ್ಲಿ ಡು ದಿ ನೀಡ್‌ಫುಲ್’. ಇದು ನನಗೆ ಎಷ್ಟು ಹತ್ತಿತ್ತೆಂದರೆ, ಹೆಂಡತಿ ಹಬ್ಬಕ್ಕೆ ಬರುವುದಿಲ್ಲ ಅಂತ ಕಂಪ್ಲಿಯ ಮಾವನವರಿಗೆ ಬರೆಯಲು ಕೂತಾಗ, ಕೈ ತಾನಾಗಿಯೇ ‘ತಮ್ಮ ಪತ್ರಕ್ಕೆ ಸಂಬಂಧಿಸಿದಂತೆ ತಿಳಿಸಲು ವಿಷಾದಿಸುತ್ತೇವೆ’ ಅಂತ ಬರೆದಿತ್ತು. ಮಗಳಿಗೆ ಏನಾಯಿತೋ ಅಂತ ಅವರು ಉಟ್ಟ ಬಟ್ಟೆಯಲ್ಲೇ ಬಸ್ ಹತ್ತಿ ಬಂದರು. ಬಾಗಿಲಲ್ಲಿ ಮಗಳನ್ನು ನೋಡಿದಮೇಲೆ ನನ್ನನ್ನು ಬೈದ ಬೈಗುಳಕ್ಕೆ ಮಾತ್ರ ಯಾವ ನಮೂನೆಯೂ ಇರಲಿಲ್ಲ.

ಗಣಿಯಿಂದ ವಾರಕ್ಕೊಮ್ಮೆ ಕಾಗದದ ಕಟ್ಟು ತರುತ್ತಿದ್ದವನು ಹನುಮಂತಪ್ಪ. ದರೋಜಿಯವನು. ಅದಿರು ಪುಡಿ ಮಾಡುವ ಕ್ರಷರಿನಲ್ಲಿ, ಅದಿರು ಸಾಗಿಸುವ ಬೆಲ್ಟಿನ ಹತ್ತಿರ ಅವನ ಕೆಲಸ. ಮೈಯೆಲ್ಲ ಕೆಂಪು ಧೂಳು. ಬಿಳಿ ಹಾಳೆ ಮುಟ್ಟಬ್ಯಾಡಲೇ ಅಂತ ನಾನು ಗದರಿದರೆ ನಕ್ಕು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಒಂದು ಸಲ ಅವನು ತಂದ ಕಟ್ಟಿನಲ್ಲಿ ಗಣಿಯ ಮೇಸ್ತ್ರಿಯ ಚೀಟಿ ಇತ್ತು. ಬೆಲ್ಟ್ ಸುತ್ತುವ ಕಡೆ ಕೈ ಸಿಗದಂತೆ ಹಾಕಿದ್ದ ಕಬ್ಬಿಣದ ಜಾಲರಿ ಕಿತ್ತುಹೋಗಿದೆ, ಹೊಸದು ಕಳಿಸಬೇಕು ಅಂತ. ಹನುಮಂತಪ್ಪ ಬಾಯಲ್ಲೂ ಹೇಳಿದ: ‘ಅಣ್ಣಾರ, ಜಲ್ದಿ ಕಳ್ಸಾಕ ಹೇಳ್ರಿ. ಹತ್ರ ಹೋಗಾಕ ಹೆದ್ರಿಕಿ ಆಗ್ತೈತಿ.’ ಮ್ಯಾನೇಜರು ಆಮೇಲೆ ನೋಡೋಣ ಅಂದರು. ನಾನು ‘ವಿಷಯವು ಪರಿಶೀಲನೆಯಲ್ಲಿದೆ’ ಅನ್ನುವ ನಮೂನೆ ತೆಗೆದು ಹೊಡೆದು, ಅವನ ಕೈಯಲ್ಲೇ ವಾಪಸು ಕಳಿಸಿದೆ.

ಮೂರನೇ ವಾರ ಅವನು ಬರಲಿಲ್ಲ. ಅವನ ತೋಳು ಬೆಲ್ಟಿಗೆ ಸಿಕ್ಕಿ, ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅದಕ್ಕಿಂತ ಹೆಚ್ಚು ನನಗೆ ಬರೆಯಲು ಆಗುವುದಿಲ್ಲ.

ಮನೆಯವರಿಗೆ ಎಂದಿನಂತೆ ಒಂದು ಲೆಟರ್ ಮಾಡಿ ಅಂತ ಮ್ಯಾನೇಜರು ಸಂಜೆ ಹೇಳಿದರು. ಸತ್ತವರ ನಮೂನೆ ತೆಗೆದೆ. ಹೆಸರು ಬದಲಿಸಿದೆ, ತಾರೀಖು ಬದಲಿಸಿದೆ. ಮೂರು ಕಾರ್ಬನ್ ಇಟ್ಟು ಪುಟ ಮುಗಿಸಿ, ತಪ್ಪು ನೋಡಲು ಓದುವಾಗ ನಡುವಿನ ಸಾಲು ಕಣ್ಣಿಗೆ ಬಿತ್ತು: ‘ಡ್ಯೂ ಟು ಹಿಸ್ ಓನ್ ನೆಗ್ಲಿಜೆನ್ಸ್.’ ಅವನದೇ ಅಜಾಗರೂಕತೆಯಿಂದ. ಯಾವ ಕಾಲದಲ್ಲೋ ಕುಡಿದು ಲಾರಿಯ ಕೆಳಗೆ ಮಲಗಿ ಸತ್ತ ಒಬ್ಬನ ಬಗ್ಗೆ ಬರೆದ ಸಾಲು ಅದು. ಆಮೇಲೆ ಸತ್ತವರಿಗೆಲ್ಲ ಅಂಟಿಕೊಂಡು ಬಂದಿತ್ತು. ಕೊನೆಯಲ್ಲಿ ಇನ್ನೊಂದಿತ್ತು: ಮೂವತ್ತು ದಿನದಲ್ಲಿ ನಿಮ್ಮಿಂದ ತಕರಾರು ಬಾರದಿದ್ದರೆ ಮೇಲಿನದನ್ನು ಒಪ್ಪಿದ್ದೀರೆಂದು ತಿಳಿಯಲಾಗುವುದು.

ತೆಗೆಯಬೇಕು ಅನ್ನಿಸಿತು. ದೇವರಾಣೆಗೂ ಅನ್ನಿಸಿತು. ಆದರೆ ತೆಗೆದರೆ ಇಡೀ ಪುಟ ಮೊದಲಿನಿಂದ ಹೊಡೆಯಬೇಕು. ನಮ್ಮ ಮನೆ ಆಗ ಕಮಲಾಪುರದಲ್ಲಿ, ಬಸ್ಸಿನ ಹೊತ್ತಾಗಿತ್ತು. ಗುರುಸಿದ್ದಪ್ಪನವರನ್ನು ಕೇಳಿದೆ. ‘ನಮೂನ್ಯಾಗ ಐತಿಲ್ಲೋ? ಇರ್ಲಿ ಬಿಡು. ಅದನ್ಯಾರ್ ಓದ್ತಾರ’ ಅಂದರು. ಮ್ಯಾನೇಜರು ನಿಂತಲ್ಲೇ, ಓದದೆ ಸಹಿ ಹಾಕಿದರು. ನನಗೆ ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಎಂಟು ಹತ್ತು ದಿನಕ್ಕೆ ಅವನ ಹೆಂಡತಿ ಹುಲಿಗೆಮ್ಮ ಆ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಆಫೀಸಿಗೆ ಬಂದಳು. ಕುರ್ಚಿ ತೋರಿಸಿದರೂ ನೆಲಕ್ಕೇ ಕೂತಳು. ಗಂಡ ಕುಡಿದು ಬೆಲ್ಟಿನ ಮೇಲೆ ಬಿದ್ದ ಅಂತ ಊರಲ್ಲಿ ಮಾತು ಎದ್ದಿದೆ, ಕಂಪನಿಯವರು ಏನು ಬರೆದಿದ್ದಾರೆ ನನಗೆ ತಿಳಿಯಬೇಕು ಅಂದಳು. ಆ ಮುಖ ನೋಡಿ ಆ ಸಾಲು ಓದಲು ನನಗೆ ಬಾಯಿ ಬರಲಿಲ್ಲ.

‘ಹನುಮಂತಪ್ಪ ಭಾಳ ನಿಯತ್ತಿನ ಮನಷ್ಯಾ, ಕಂಪನಿಗೆ ಭಾಳ ದುಃಖ ಆಗೈತಿ ಅಂತ ಬರದಾರವ್ವ,’ ಅಂದೆ.

ಇನ್ನೊಮ್ಮೆ ಓದಿ ಅಂದಳು. ಎರಡನೇ ಸಲ ಓದುವಾಗ ನಿಯತ್ತಿನ ಮಾತು ಮರೆತೇಬಿಟ್ಟೆ, ಅವಳೇ ನೆನಪಿಸಿದಳು. ಮೂವತ್ತು ದಿನದ ಸಾಲನ್ನೂ ನುಂಗಿದೆ. ಅದನ್ನು ಹೇಳಿದರೆ ಯಾವುದಕ್ಕೆ ತಕರಾರು ಮಾಡಬೇಕು ಅಂತ ಕೇಳುತ್ತಾಳಲ್ಲ. ಅವಳು ಕಾಗದವನ್ನು ಕಣ್ಣಿಗೊತ್ತಿಕೊಂಡು ಹೋದಳು. ಇವತ್ತೊಂದು ಪುಣ್ಯದ ಕೆಲಸ ಮಾಡಿದೆ ಅಂತ ನಾನು ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಂಡೆ. ಥೂ ನನ್ನ ಜನ್ಮಕ್ಕಿಷ್ಟು.

ತಿಂಗಳು ಕಳೆಯಿತು, ತಕರಾರು ಬರಲಿಲ್ಲ. ಕೆಲಸದ ಮೇಲೆ ಸತ್ತವರ ಮನೆಯ ಒಬ್ಬರಿಗೆ ಕಂಪನಿಯಲ್ಲಿ ಕೆಲಸ ಕೊಡುವ ರೂಢಿ ಇತ್ತು. ಸತ್ತವನದೇ ತಪ್ಪು ಅಂತಾದರೆ ಇಲ್ಲ. ಹುಲಿಗೆಮ್ಮ ಅರ್ಜಿ ಕೊಟ್ಟಿದ್ದಳು. ಸಮ್ಮತಿಸುವ ಸ್ಥಿತಿಯಲ್ಲಿ ನಾವಿಲ್ಲ ಅಂತ ಅದಕ್ಕೆ ಉತ್ತರ ಹೊಡೆದವನೂ ನಾನೇ. ಅದನ್ನು ಓದಿಸಲು ಅವಳು ನನ್ನ ಹತ್ತಿರ ಬರಲಿಲ್ಲ. ನಾನೂ ಆ ಕಡೆ ತಲೆ ಹಾಕಲಿಲ್ಲ. ದರೋಜಿಯ ಮೇಲೆ ಹಾದುಹೋಗುವ ಮದುವೆ ದಿಬ್ಬಣಕ್ಕೂ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಜೆರಾಕ್ಸ್ ಅಂಗಡಿಯಿಂದ ಓಡಿಬಂದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ದರೋಜಿಗೆ ಹೋದೆ. ಹುಲಿಗೆಮ್ಮ ಇದ್ದಾಳೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಇದ್ದಳು. ಕಂಡವರ ಹೊಲದಲ್ಲಿ ಕೂಲಿ ಮಾಡಿ ಬೆನ್ನು ಬಾಗಿಹೋಗಿದೆ. ಜೊತೆಗೆ ಮಗಳು ರೇಣುಕಾ, ಅಲ್ಲಿಯ ಅಂಗನವಾಡಿ ಟೀಚರು. ನನ್ನನ್ನು ನೋಡಿದ ಕೂಡಲೇ ಹುಲಿಗೆಮ್ಮ ಗುರುತು ಹಿಡಿದು, ಬರ್ರಿ, ಕುಂದ್ರಿ ಅಂತ ಚಾಪೆ ಹಾಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ನಾನು ಶುರು ಮಾಡುವಷ್ಟರಲ್ಲಿ, ಟ್ರಂಕಿನಿಂದ ಗಾಜು ಹಾಕಿಸಿದ ಒಂದು ಚೌಕಟ್ಟು ತಂದು ನನ್ನ ಮುಂದಿಟ್ಟಳು. ಒಳಗೆ ನಾನು ಹೊಡೆದ ಪತ್ರ. ಗಾಜಿನ ಮೇಲೆ ಒಣಗಿದ ಕುಂಕುಮ.

ಗಂಡನ ಫೋಟೋದ ಪಕ್ಕದಲ್ಲಿ ಅದು ಏಳು ವರ್ಷ ತೂಗುತ್ತಿತ್ತಂತೆ. ಅಮಾವಾಸ್ಯೆಗೊಮ್ಮೆ ಹೂ ಏರಿಸುತ್ತಿದ್ದಳಂತೆ. ಯಾರು ಬಂದರೂ, ನೋಡ್ರಿ, ಕಂಪನಿಯವರೇ ಬರೆದುಕೊಟ್ಟಿದ್ದಾರೆ ಅಂತ ತೋರಿಸುತ್ತಿದ್ದಳಂತೆ. ಬಂದವರಲ್ಲಿ ಇಂಗ್ಲಿಷ್ ಓದಬಲ್ಲವರು ಒಬ್ಬರೂ ಇರಲಿಲ್ಲ. ರೇಣುಕಾ ಒಂಬತ್ತನೇ ಕ್ಲಾಸಿಗೆ ಬಂದಾಗ ಡಿಕ್ಷನರಿ ಹಿಡಿದು ಒಂದೊಂದೇ ಪದ ಬಿಡಿಸಿ ಓದಿದಳು. ಓದಿ ತಾಯಿಗೆ ಹೇಳಬೇಕೋ ಬೇಡವೋ ತಿಳಿಯದೆ ಎರಡು ದಿನ ಒದ್ದಾಡಿದಳು. ಹೇಳಿದ ದಿನ ಅದು ಗೋಡೆಯಿಂದ ಇಳಿಯಿತು. ಇದನ್ನೆಲ್ಲ ರೇಣುಕಾ ನನಗೆ ಚಹಾ ಸೋಸುತ್ತಾ ಹೇಳಿದಳು.

‘ಈಗ ಖರೇ ಓದ್ರಿ,’ ಅಂದಳು ಹುಲಿಗೆಮ್ಮ.

ಒಂದು ಸಾಲೂ ಬಿಡದೆ ಕನ್ನಡ ಮಾಡಿ ಓದಿದೆ. ಅವಳು ಪೂರ್ತಿ ಕೇಳಿ, ಇದನ್ನು ಬರೆದವರು ಯಾರು ಅಂದಳು. ಕಂಪನಿ ಅನ್ನಬಹುದಿತ್ತು. ಗುರುಸಿದ್ದಪ್ಪನವರು ಅನ್ನಬಹುದಿತ್ತು, ಅವರು ತೀರಿಹೋಗಿ ಬಹಳ ವರ್ಷವಾಯಿತು, ಕೇಳುವವರಿಲ್ಲ. ನಾನ ಬರದದ್ದವ್ವ ಅಂದೆ. ಜಾಲರಿಯ ಚೀಟಿಯ ಸಂಗತಿಯನ್ನೂ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ರೇಣುಕಾಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ಹಂಗಾದ್ರ ಅದನ್ನ ಬರದು ಕೊಡ್ರಿ ಅಂದಳು ಹುಲಿಗೆಮ್ಮ. ರೇಣುಕಾ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟಳು. ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ ಏನೋ. ಕೊನೆಗೆ ಕನ್ನಡದಲ್ಲಿ ಬರೆದೆ: ಜಾಲರಿ ಬೇಕೆಂದು ಹನುಮಂತಪ್ಪ ಮೊದಲೇ ಕೇಳಿದ್ದ. ನಾವು ಕಳಿಸಲಿಲ್ಲ. ತಪ್ಪು ಅವನದಲ್ಲ. ಅದು ಗೊತ್ತಿದ್ದೂ ನಾನು ಅವನದೆಂದು ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ.

ರೇಣುಕಾ ಅದನ್ನು ಗಟ್ಟಿಯಾಗಿ ಓದಿದಳು. ಹುಲಿಗೆಮ್ಮ ಇನ್ನೊಮ್ಮೆ ಓದಿಸಿ, ಹಾಳೆಯನ್ನು ಮಡಿಚಿ ಅಂಗೈಯಲ್ಲಿ ಇಟ್ಟುಕೊಂಡಳು. ಆವತ್ತು ನೀನು ಅಳುತ್ತೀಯ ಅಂತ ಹಾಗೆ ಓದಿದೆನವ್ವ ಅಂತ ನಾನು ಏನೋ ಹೇಳಲು ಹೋದೆ. ಅವಳು ಸಾಕು ಅನ್ನುವಂತೆ ಕೈ ಎತ್ತಿದಳು.

‘ಅಳೋದು ಅಳ್ತಿದ್ದೆರಿ, ಆಮ್ಯಾಲ ಎದ್ದು ನಿಮ್ಮ ಆಫೀಸಿನ ಮುಂದ ಕುಂತು ಜಗಳ ತೆಗೀತಿದ್ದೆ,’ ಅಂದಳು. ‘ನಂಗ ಜಗಳ ಆಡಾಕ ಬರ್ತಿತ್ರಿ.’