ಪಾಲಾಗದ ನಂಬರು

ನರಗುಂದದಲ್ಲಿ ಗಣಿತ ಮಾಸ್ತರನಾಗಿ ನಿವೃತ್ತನಾದ ಮೇಲೆ ನನ್ನ ವಿದ್ಯೆಯನ್ನು ಕೇಳಿಕೊಂಡು ಬಂದವರು ಒಬ್ಬರೇ, ಪಕ್ಕದ ಮನೆಯ ಹಿರಿಯರು. ಹತ್ತಿ ವ್ಯಾಪಾರಿ. ನಾಲ್ವರು ಗಂಡುಮಕ್ಕಳು, ನಾಲ್ವರು ಸೊಸೆಯಂದಿರು, ಒಂದೇ ಒಲೆ. ಆ ವರ್ಷ ಹಿರಿಯ ಮಗ ಬೇರೆ ಒಲೆಯ ಮಾತು ಎತ್ತಿದ್ದ.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಅವಿಭಾಜ್ಯ ಸಂಖ್ಯೆಯ ಮಾತು ತೆಗೆದೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಭಾಗವಾಗದು ಎಂದೆ. ಹಿರಿಯರು ಕಪ್ಪು ಕೆಳಗಿಟ್ಟರು.

"ಅಂದ್ರ ಅದನ್ನ ಯಾರೂ ಪಾಲ ಮಾಡಾಕ ಬರೂದಿಲ್ಲ?"

"ಬರೂದಿಲ್ರಿ."

"ನನ್ನ ಫೋನ್ ನಂಬರ್ ಅಂಥಾದ್ದ ಏನ್ ನೋಡ್ರಿ, ಮಾಸ್ತರ್ರ. ನಂಬರ್ ಒಡೀಲಿಲ್ಲ ಅಂದ್ರ ಮನಿನೂ ಒಡಿಯೂದಿಲ್ಲ."

ಹತ್ತು ಅಂಕಿಯ ಸಂಖ್ಯೆ. ಫೋನಿನಲ್ಲೇ ಹುಡುಕಿದರೆ ಒಂದು ಕ್ಷಣದ ಕೆಲಸ ಎಂದೆ. ಅವರಿಗೆ ಸಿಟ್ಟು ಬಂತು. "ಫೋನಿನ ನಂಬರ್ ಫೋನಿಗೇ ಕೇಳಿದ್ರ ಅದು ಖರೇ ಹೇಳತೈತೇನ್ರಿ?"

ಹೀಗಾಗಿ ನೋಟುಪುಸ್ತಕ ಹಿಡಿದೆ. ಎರಡು, ಮೂರು, ಐದರಿಂದ ಹೋಗಲಿಲ್ಲ. ಏಳು, ಹನ್ನೊಂದು, ಹದಿಮೂರೂ ಸೋತವು. ಪೂರ್ತಿ ಖಾತ್ರಿಯಾಗಬೇಕಾದರೆ ಒಂದು ಲಕ್ಷದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಬೇಕೆಂಬುದು ನೆನಪಾದಾಗ ಇನ್ನೊಂದು ನೋಟುಪುಸ್ತಕ ತರಿಸಿದೆ. ಹಿರಿಯರು ಮಾತ್ರ ದಿನಾ ಬೆಳಿಗ್ಗೆ ಕಟ್ಟೆಗೆ ಬಂದು ಕೂಗುತ್ತಿದ್ದರು: "ಒಡೀತೇನ್ರಿ?"

"ಇನ್ನೂ ಇಲ್ರಿ."

"ಭಾಳ ಚಲೋ ಆತು!"

ನನ್ನ ಪಾಡು ನೋಡಲಾರದೆ ಅವರ ಕಿರಿಯ ಸೊಸೆ ಸಹಾಯಕ್ಕೆ ಬಂದಳು. ಗಜೇಂದ್ರಗಡದ ನೇಕಾರರ ಮನೆಯ ಮಗಳು. ಎಳೆ ಎಣಿಸುತ್ತಲೇ ಬೆಳೆದವಳು. ನಾಲ್ಕನೆಯ ದಿನ ಅವಳು ಹಾಳೆ ಹಿಡಿದುಕೊಂಡು ಓಡಿ ಬಂದಳು.

"ಮಾಸ್ತರ್ರ, ಇನ್ನೂರ ನಲವತ್ತೊಂದರಿಂದ ಹೋತ್ರಿ. ಶೇಷ ಸೊನ್ನಿ."

ಮೂರು ಸಲ ತಾಳೆ ನೋಡಿದೆ. ಖರೆ. ಒಂದು ಕಡೆ ಇನ್ನೂರ ನಲವತ್ತೊಂದು, ಇನ್ನೊಂದು ಕಡೆ ನಾಲ್ಕು ಕೋಟಿ ಚಿಲ್ಲರೆ. ಆ ನಾಲ್ಕು ಕೋಟಿಯೂ ಮತ್ತೆ ಒಡೆಯುತ್ತದೋ ಇಲ್ಲವೋ ಎಂದು ನೋಡುವ ಧೈರ್ಯ ನನಗಾಗಲಿಲ್ಲ.

ಸುದ್ದಿ ಕೇಳಿದ ಹಿರಿಯರು ಮಕ್ಕಳು, ಸೊಸೆಯಂದಿರ ಜೊತೆ ನನ್ನನ್ನೂ ಪಡಸಾಲೆಗೆ ಕರೆಸಿ, ಗಂಭೀರವಾಗಿ ಹೇಳಿದರು: "ನಂಬರಿನ್ಯಾಗ ಎರಡ ಪಾಲ ಅದಾವ. ನಾಲ್ಕಿಲ್ಲ. ಅದಕ್ಕ ಮನ್ಯಾಗೂ ಎರಡ ಒಲಿ ಆಗ್ಲಿ."

ಹಿರಿಯ ಮಗ ಕೇಳಿದ. "ಯಪ್ಪಾ, ಆ ಇನ್ನೂರ ನಲವತ್ತೊಂದು ಯಾರ ಪಾಲಿಗೆ?"

"ಯಾರು ಮದಲ ಬ್ಯಾರೆ ಆಗ್ತೀನಿ ಅಂದ್ರೋ, ಅವರ ಪಾಲಿಗೆ."

ಸೊಸೆಯಂದಿರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಗೋಡೆ ನೋಡಿದೆ.

ಒಲೆ ಎರಡಾದವು. ಹಿತ್ತಲ ಕೋಣೆಗೆ ಹೋದ ಹಿರಿಯ ಮಗನ ಮನೆಗೆ ಓಣಿಯವರೆಲ್ಲ ಈಗಲೂ "ಇನ್ನೂರ ನಲವತ್ತೊಂದು" ಎಂದೇ ಅನ್ನುತ್ತಾರೆ. ಹೋಳಿಗೆ ಮಾಡಿದ ದಿನ ಮಾತ್ರ ಎಲ್ಲರೂ ಅಲ್ಲಿಯೇ ಇರುತ್ತಾರೆ, ಅವನ ಹೆಂಡತಿಯ ಕೈ ಅಂಥದ್ದು.

ಹಿರಿಯರು ಹಳೆಯ ಸಿಮ್ ಬಿಟ್ಟು ಹೊಸದು ತಂದರು. ನಂಬರಿನ ಕೊನೆಗೆ ಸಾಲಾಗಿ ಮೂರು ಸೊನ್ನೆ.

"ಹ್ಯಾಂಗ ಗುಂಡಗ ಐತಿ ನೋಡ್ರಿ! ಇದು ಒಡಿಯೂದಿಲ್ಲ ಬಿಡ್ರಿ."

ಎರಡು, ನಾಲ್ಕು, ಐದು, ಎಂಟು, ಹತ್ತು ಎಲ್ಲ ಸಾಲುಗಟ್ಟಿ ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಚಹಾದ ಜೊತೆ ನುಂಗಿಕೊಂಡು, "ಭಾಳ ಚಲೋ ಐತ್ರಿ" ಎಂದೆ.